ಪರೀಕ್ಷೆ ಮುಗಿದ ಮೇಲೆ

“ಮೂಗಿ ಅಲ್ಲ, ಕಿವುಡಿ ಅಲ್ಲ, ಆದ್ರೂ ಬಾಯಿ ಬಿಡವಲ್ಲಳ್ರಿ ಇಕಿ,” ಎನ್ನುತ್ತ ಗುರಮ್ಮ ಮೊಮ್ಮಗಳು ಶಿವಗಂಗಾಳನ್ನು ದಬ್ಬಿಕೊಂಡೇ ಮೆಟ್ಟಿಲು ಹತ್ತಿಸಿದಳು. ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ, ತೊಗರಿ ಅಡತಿ ಅಂಗಡಿಯ ಮೇಲಿನ ಕೋಣೆ ಅದು. ಹರೆಯದ ಮಕ್ಕಳ ಮನಸ್ಸಿನ ಕಷ್ಟ ಕೇಳಲು ಮಧುಮತಿ ಎಂಬಾಕೆ ವಾರಕ್ಕೊಮ್ಮೆ ಅಲ್ಲಿ ಬಂದು ಕೂರುತ್ತಿದ್ದಳು. ಉಳಿದ ದಿನ ಅಫಜಲಪುರ, ಜೇವರ್ಗಿ. ಎಲ್ಲ ಕಡೆಯೂ ಪುಕ್ಕಟೆ. ಈ ಪುಕ್ಕಟೆ ಎನ್ನುವುದೇ ಗುರಮ್ಮನಿಗೆ ಗುಮಾನಿ. ದರ್ಗಾದ ತಾಯಿತ, ಪೂಜಾರಿಯ ಭಂಡಾರದ ಅರಿಶಿನ, ಎಲ್ಲಕ್ಕೂ ಕೈಬಿಚ್ಚಿ ಕೊಟ್ಟು ಬಂದವಳು. ಅವೇ ಕೆಲಸ ಮಾಡದಿರುವಾಗ ಪುಕ್ಕಟೆ ಮಾತು ಏನು ಮಾಡೀತು?

ಹುಡುಗಿ ಎಂದಿನಂತೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹತ್ತನೇ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದವಳು. ಈಗ ಕಾಲೇಜಿಲ್ಲ, ಗೆಳತಿಯರಿಲ್ಲ. ರೊಟ್ಟಿ ಬಡಿಯುತ್ತಾಳೆ, ಕಸ ಹೊಡೆಯುತ್ತಾಳೆ, ಕೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾಳೆ. ಮೈ ಮಾತ್ರ ಸೊರಗಿ ಕಡ್ಡಿಯಾಗಿತ್ತು. ಇದು ಹೀಗೇ ನಡೆದರೆ ತೀರಿಹೋದ ಸೊಸೆ ರೇವಮ್ಮನ ಹಿಂದೆಯೇ ಮೊಮ್ಮಗಳೂ ಹೋಗುತ್ತಾಳೆಂಬ ಭಯ ಗುರಮ್ಮನಿಗೆ ಹಗಲಿರುಳೂ ಇತ್ತು. ಆ ಭಯವನ್ನು ಬೈಗುಳ ಮಾಡಿ ಹೊರಗೆ ಹಾಕುವುದು ಅವಳ ರೂಢಿ.

“ಅಮ್ಮಾ, ಇವತ್ತು ನೀವೂ ಒಳಗ ಕೂಡ್ರಿ,” ಅಂದಳು ಮಧುಮತಿ.

“ನಂಗೇನಾಗ್ಯದ? ನಂಗೂ ಹುಚ್ಚ ಹಿಡದದ ಅಂತೀರೇನು?”

“ಅಲ್ರಿ. ರೇವಮ್ಮ ತೀರಿಕೊಂಡ ದಿನದ ಸುದ್ದಿ ಹೇಳ್ರಿ.”

ಗುರಮ್ಮ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತಳು. ಅದು ಅವಳ ವಿದ್ಯೆ. ತನ್ನೂರು ನರೋಣಾದಲ್ಲಿ ಯಾರ ಮನೆಯಲ್ಲಿ ಸಾವಾದರೂ ಗುರಮ್ಮ ಹೋಗಿ ದನಿ ಎತ್ತದ ಹೊರತು ಅಳು ಅಳುವಾಗುತ್ತಿರಲಿಲ್ಲ. ಸತ್ತವರ ಗುಣವನ್ನೆಲ್ಲ ಮಾತು ಕಟ್ಟಿ, ಹಾಡಿ ಹಾಡಿ ಅಳುವವಳು.

“ಊರೇ ಅತ್ತಿತ್ರಿ! ಕಾಮಾಲಿ ಆಗಿ ಎಂಟತ್ತು ದಿನದಾಗ ಹೋಗಿಬಿಟ್ಳು ನನ್ನ ಸೊಸಿ. ಸೋಲಾಪುರದ ಬೀಗರು ಮಣ್ಣಾದ ಮರುದಿನ ಬಂದ್ರು. ಅವರ ಕೊರಳಿಗಿ ಬಿದ್ದು ಮತ್ತ ಮೊದಲಿಂದ ಅತ್ತೀವಿ.”

“ಶಿವಗಂಗಾ ಆವಾಗ ಎಲ್ಲಿ ಕುಂತಿದ್ಳು?”

“ಇಕಿ ಎಲ್ಲಿದ್ಳರಿ ಊರಾಗ? ಅಫಜಲಪುರ ಹಾಸ್ಟೆಲ್ದಾಗ. ಪರೀಕ್ಷಾ ನಡದಿದ್ವು. ಮುಗಿಯೋ ತನಕ ಯಾರೂ ಸುದ್ದಿ ಹೇಳಬ್ಯಾಡ್ರಿ ಅಂತ ನಾನೇ ಎಲ್ಲಾರಿಗೂ ಆಣಿ ಹಾಕಿದ್ದೆ. ಮಗಳು ಓದಬೇಕಂತ ಅವರವ್ವಂದೇ ಆಸಿ ಇತ್ರಿ. ಫೋನಿನ್ಯಾಗ ‘ಅವ್ವ ಎಲ್ಲಿ’ ಅಂದ್ರ, ‘ಹೊಲಕ್ಕ ಹೋಗ್ಯಾಳ’ ಅಂತಿದ್ದೆ.”

“ಪರೀಕ್ಷಾ ಮುಗಿಸಿ ಬಂದ ಮ್ಯಾಲ?”

“ಬಂದ ಮ್ಯಾಲ ಏನದ ಹೇಳ್ರಿ? ದಿನ-ಕರ್ಮ ಎಲ್ಲಾ ಮುಗದಿತ್ತು. ಇಕಿ ಬಾಯಿ ತೆಗಿಯೋದ್ರಾಗ ನಾ ಗಟ್ಟಿ ಹಿಡಕೊಂಡು ಸಮಾಧಾನ ಮಾಡಿದೆ. ಅಳಬ್ಯಾಡವ್ವಾ, ನಾವೆಲ್ಲಾ ಅತ್ತು ಮುಗಿಸೀವಿ ಅಂದೆ…”

ಸುದ್ದಿ ಮುಚ್ಚಿಟ್ಟು ಸಮಾಧಾನ ಮಾಡಿದ ಈ ಕತೆಯನ್ನು ಗುರಮ್ಮ ಊರಲ್ಲಿ ಎಷ್ಟೋ ಜನಕ್ಕೆ ತನ್ನ ಜಾಣತನವೆಂದೇ ಹೇಳಿಕೊಂಡಿದ್ದಳು. ಮೊಮ್ಮಗಳ ಎದುರಿಗೆ ಮಾತ್ರ ಹೇಳಿರಲಿಲ್ಲ. ಇಂದು ಹೇಳಿದಾಗ ಅದು ಮೊದಲ ಸಲ ಅವಳ ಕಿವಿಗೇ ಬಿತ್ತು. ಎಷ್ಟೇ ತಡವಾಗಿ ಬಂದವರ ಜೊತೆಗೂ ಮತ್ತೆ ಮೊದಲಿನಿಂದ ಅಳಬೇಕು. ಸತ್ತವರ ಮನೆಗೆ ಬಂದವರಿಗೆ ‘ನಾವು ಅತ್ತು ಮುಗಿಸಿದೆವು’ ಎಂದು ಯಾರೂ ಅನ್ನಬಾರದು. ಈ ರಿವಾಜನ್ನು ಊರಿನ ಸೊಸೆಯಂದಿರಿಗೆಲ್ಲ ಕಲಿಸಿದವಳೇ ಅವಳು. ದೂರದ ಬೀಗರಿಗೆ ಸಿಕ್ಕ ಅಳು ಹೆತ್ತ ಮಗಳಿಗೆ ಸಿಕ್ಕಿರಲಿಲ್ಲ.

ಅವಳು ಮಧುಮತಿಯ ಮುಖ ನೋಡಿದಳು. ಮಧುಮತಿ ನೋಟ ತಿರುಗಿಸಲಿಲ್ಲ.

ಗುರಮ್ಮ ಎದ್ದು, ತಲೆಯ ತುಂಬ ಸೆರಗು ಎಳೆದುಕೊಂಡು, ಮೊಮ್ಮಗಳ ಎದುರಿಗೆ ನೆಲದ ಮೇಲೆ ಕೂತಳು. ಎರಡೂ ಕೈಯಿಂದ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಗಂಗೀ, ನಿಮ್ಮವ್ವ ಹೊಲಕ್ಕ ಹೋಗಿಲ್ಲ ಬೇ. ನಿಮ್ಮವ್ವ ನಮ್ಮನ್ನ ಬಿಟ್ಟು ಹ್ವಾದ್ಳವ್ವಾ…”

ಕೊರಳಿಗೆ ಬಿದ್ದು ದನಿ ಎತ್ತಿದಳು. ಜ್ವರ ಬಂದ ದಿನದಿಂದ ಶುರುಮಾಡಿ ಎಲ್ಲವನ್ನೂ ಹಾಡಿದಳು: ಕಣ್ಣು ಹಳದಿಯಾದದ್ದು, ನೀರೂ ಇಳಿಯದಾದದ್ದು, ಕಡೆಯ ಹೊತ್ತಿನಲ್ಲಿ ‘ಗಂಗೀ ಬಂದಳೇನು’ ಎಂದು ಬಾಗಿಲು ನೋಡಿದ್ದು. ಕೊನೆಗೆ ಶಿವಗಂಗಾಳ ಎರಡೂ ಕೈ ಅಜ್ಜಿಯ ಬೆನ್ನು ಹಿಡಿದವು. ಬೇಸಿಗೆಯಿಂದ ಒಳಗೇ ಕೂತಿದ್ದ ದನಿ ಚೀರುತ್ತ ಹೊರಗೆ ಬಂತು.

ಕೆಳಗೆ ಅಡತಿಯಲ್ಲಿ ತೂಕ ನಿಂತಿತು. ಹಮಾಲಿ ಸಲಾವುದ್ದೀನ ಹೆಗಲ ಮೇಲಿನ ಚೀಲ ಅಲ್ಲೇ ಒಗೆದು ಮೆಟ್ಟಿಲು ಹತ್ತಿ ಓಡಿಬಂದ.

“ಯಾ ಅಲ್ಲಾ! ಯಾರು ತೀರಕೊಂಡ್ರಿ? ಯಾವಾಗ?”

ಮಧುಮತಿ ಏನಾದರೂ ಹೇಳುವ ಮೊದಲೇ ಅಜ್ಜಿಯ ಹೆಗಲಿನಿಂದ ಹುಡುಗಿ ಮುಖ ಎತ್ತಿದಳು.

“ನಮ್ಮವ್ವರಿ, ಕಾಕಾ,” ಅಂದಳು. “ಈಗ.”