ಶಿರಸಿಯಿಂದ ಬಂದ ತಂತಿ

ತಂತಿ ಬಂದಾಗ ಪ್ರೊಫೆಸರ್ ಸದಾಶಿವಪ್ಪನವರು ಪಾಠ ಶುರುಮಾಡಿ ಒಂದು ಗಂಟೆಯಾಗಿತ್ತು.

ಪರಮಶಿವಪ್ಪ ಬಾಗಿಲಲ್ಲೇ ಒಡೆದು ಓದಿದ. ಇನ್ನೊಮ್ಮೆ ಓದಿದ. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೇ: 'ಬಸ್ಸು ತಪ್ಪಿತು. ನಾಳೆ ಬೆಳಿಗ್ಗೆ ಬರುತ್ತೇನೆ. ಸದಾಶಿವಪ್ಪ.'

ತಲೆಯೆತ್ತಿ ನೋಡಿದ. ಶಿಕಾರಿಪುರದ ಆ ಶಾಲೆಯ ಕೊಠಡಿಯಲ್ಲಿ, ಕರಿಹಲಗೆಯ ಮುಂದೆ, ಪ್ರೊಫೆಸರರು ನಿಂತೇ ಇದ್ದರು.

೧೯೫೮ರ ದಸರಾ ರಜೆ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದ ಹನ್ನೆರಡು ಮಂದಿಗೆ ಒಂದು ವಾರದ ಸಂಶೋಧನಾ ಶಿಬಿರ. ಹಳೆಯ ದಾಖಲೆ ಪರೀಕ್ಷಿಸಬೇಕು, ತಾಳಗುಂದಕ್ಕೆ ಹೋಗಿ ಶಾಸನ ಓದಬೇಕು, ಕೊನೆಯ ದಿನ ಪ್ರತಿಯೊಬ್ಬನೂ ಉಪನ್ಯಾಸ ಕೊಡಬೇಕು. ಕಲಿಸಲು ಧಾರವಾಡದಿಂದ, ಶಿರಸಿಯಲ್ಲಿ ಬಸ್ಸು ಬದಲಿಸಿ ಬರಬೇಕಾದ ಸದಾಶಿವಪ್ಪನವರು. ಅವರು ಮೆಚ್ಚಿದ ಒಬ್ಬನಿಗೆ ಮಾತ್ರ ಸಂಶೋಧನಾ ವೇತನ. ಅದು ತನಗೇ ಸಿಗಬೇಕೆಂದು ಹನ್ನೆರಡರಲ್ಲಿ ಒಬ್ಬನಾದ ಪರಮಶಿವಪ್ಪ ಪಣ ತೊಟ್ಟಿದ್ದ. ಶಿಕಾರಿಪುರದವನಾದ್ದರಿಂದ ಏರ್ಪಾಡೆಲ್ಲ ಅವನ ತಲೆಗೇ ಬಿದ್ದಿತ್ತು.

ಸದಾಶಿವಪ್ಪನವರ ಲೇಖನಗಳನ್ನು ಎಲ್ಲರೂ ಓದಿದ್ದರು. ಮುಖ ಯಾರೂ ಕಂಡಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಶಿರಸಿ ಬಸ್ಸಿನಿಂದ ಕರಿ ಕೋಟಿನ, ದಪ್ಪ ಕನ್ನಡಕದ ಹಿರಿಯರೊಬ್ಬರು ಕಂಕುಳಲ್ಲಿ ಕಾಗದದ ಕಟ್ಟು ಹಿಡಿದು ಇಳಿದದ್ದೇ ತಡ, ಪರಮಶಿವಪ್ಪ ಅವರ ಚೀಲ ಕಸಿದುಕೊಂಡಿದ್ದ. "ಬರ್ರಿ ಸಾರ್, ಎಲ್ರೂ ಕಾಯ್ತಾ ಅದಾರೆ."

ಹಿರಿಯರು ಏನೋ ಹೇಳಲು ಬಾಯಿ ತೆರೆದಿದ್ದರು.

"ಮೊದ್ಲು ಊಟ ಸಾರ್. ಆಮೇಲೆ ಮಾತು."

ಊಟಕ್ಕೆ ಹೋಳಿಗೆಯಿತ್ತು. ಅದಾದ ಮೇಲೆ ಅವರು ಏನೂ ಹೇಳಲಿಲ್ಲ.

ಪಾಠವಂತೂ ಅಮೋಘ. ಪುಸ್ತಕದ ಮಾತೇ ಇಲ್ಲ. ಕಾಗದವನ್ನು ಬೆಳಕಿಗೆ ಹೇಗೆ ಹಿಡಿಯಬೇಕು, ಮಡಿಕೆಯ ಮೇಲೆ ಶಾಯಿ ಹರಡಿದ್ದರೆ ಏನರ್ಥ, ಹೊಸ ಕಾಗದವನ್ನು ಹೊಗೆಯಲ್ಲಿಟ್ಟು ಹಳೆಯದು ಮಾಡಿದ್ದನ್ನು ಮೂಸಿಯೇ ಕಂಡುಹಿಡಿಯುವುದು ಹೇಗೆ! ಹುಡುಗರು ಬರೆದುಕೊಂಡು ಬರೆದುಕೊಂಡು ಕೈ ಸೋತಿದ್ದರು.

"ನಾನು ಇಲ್ಲೇ ಸೊರಬದ ಹತ್ತಿರ ಜಡೆ ಊರಿನವನೇ ಮಾರಾಯ್ರೆ," ಎಂದಿದ್ದರು ಅವರು. "ನಲವತ್ತು ವರ್ಷದಿಂದ ಕಾಗದದ ಜೊತೆಗೇ ಬಾಳುವೆ. ಕಾಗದ ನನಗೆ ಮೋಸ ಮಾಡಿಲ್ಲ. ತಂದುಕೊಟ್ಟೋರು ಮಾಡಿದಾರೆ."

ಈಗ ಪರಮಶಿವಪ್ಪ ತಂತಿ ಹಿಡಿದು ಮುಂದೆ ಬಂದ. "ಸಾರ್, ಇದನ್ನ ಸ್ವಲ್ಪ ನೋಡ್ರಿ."

ಅವರು ತಂತಿಯನ್ನು ಹಿಂದೆ ಮುಂದೆ ತಿರುಗಿಸಿದರು. ಬೆಳಕಿಗೆ ಹಿಡಿದರು. ವಾಪಸು ಕೊಟ್ಟರು. "ಗಟ್ಟಿಯಾಗಿ ಓದಿ ಹೇಳಿ. ಕನ್ನಡದಲ್ಲಿ. ಎಲ್ಲರಿಗೂ ಕೇಳಲಿ."

ಪರಮಶಿವಪ್ಪ ಓದಿ ಹೇಳಿದ.

ಹಿರಿಯರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ನಿಧಾನವಾಗಿ ಒರೆಸಿದರು. ಮತ್ತೆ ಹಾಕಿಕೊಂಡಾಗ ಮುಖದಲ್ಲಿ ನಗು ಇತ್ತು.

"ಒಳ್ಳೇ ಹೊತ್ತಿಗೇ ಬಂತು. ಇಷ್ಟೊತ್ತು ಹೇಳಿಕೊಟ್ಟೆನಲ್ಲ, ಈಗ ನೀವು ಹೇಳಿ. ಈ ಕಾಗದ ಸುಳ್ಳೋ, ನಾನು ಸುಳ್ಳೋ?"

ಉಳಿದ ಹನ್ನೊಂದು ಮಂದಿ ಮುಖ ಮುಖ ನೋಡಿಕೊಂಡರು. ಪರಮಶಿವಪ್ಪನಿಗೆ ಮಾತ್ರ ತಲೆಯಲ್ಲಿ ದೀಪ ಹತ್ತಿದಂತಾಯಿತು. ಇದು ಪರೀಕ್ಷೆ! ಸಂಶೋಧನಾ ವೇತನ ಇಲ್ಲೇ ತೀರ್ಮಾನವಾಗುತ್ತಿದೆ!

"ತಂತಿಯೇ ಸುಳ್ಳು ಸಾರ್," ಎಂದ. "ಶಿರಸಿಯಲ್ಲಿ ಕೊಟ್ಟದ್ದು ಬೆಳಿಗ್ಗೆ ಎಂಟಕ್ಕೆ ಅಂತ ಇದೆ. ಬಸ್ಸು ಹೊರಡೋದೂ ಎಂಟಕ್ಕೇ. ಬಸ್ಸು ತಪ್ಪಿದವನು ಅದರ ಹಿಂದೆ ಓಡ್ತಾನೆ, ಬೈತಾನೆ, ಕಾಫಿ ಕುಡೀತಾನೆ. ಅದೇ ನಿಮಿಷಕ್ಕೆ ತಂತಿ ಆಫೀಸಿಗೆ ಹೋಗ್ತಾನೇನ್ರಿ? ಹೋಗಿದ್ದು ಬಸ್ಸು ಹತ್ತೋ ಮೊದಲು. ಕೊಟ್ಟೋರು ನೀವೇ. ನಮ್ಮನ್ನ ಪರೀಕ್ಷೆ ಮಾಡೋಕೆ!"

ಹಿರಿಯರು ತಲೆದೂಗಿದರು. "ಇಷ್ಟು ದೂರ ನನಗೂ ಹೊಳೆದಿರಲಿಲ್ಲ," ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ಪರಮಶಿವಪ್ಪನ ಕಿವಿ ಕೆಂಪಾದವು.

"ಬಾಯಿಮಾತು ಬೇಡ. ಬರಕೊಳ್ಳಿ," ಎಂದು ಅವರೇ ಉಸಿರು ಬಿಡದೆ ಹೇಳಿ ಬರೆಸಿದರು: 'ಈ ಕೆಳಗೆ ರುಜು ಹಾಕಿದ ನಾವು ಹನ್ನೆರಡು ಜನರು, ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ ಒಪ್ಪಿದ್ದೇನೆಂದರೆ, ಇವರು ಸಾಚಾ.' ಎಲ್ಲರೂ ರುಜು ಹಾಕಿದರು. ಅವರು ಕಾಗದವನ್ನು ಮಡಿಚಿ ಕೋಟಿನ ಒಳಜೇಬಿಗೆ ಸೇರಿಸಿದರು.

ಸಂಜೆ ಬಸ್ಸಿಗೆ ಹೊರಟು ನಿಂತರು. ಮನೆಯ ಕಡೆ ಹೋಗಿ ಬರಬೇಕಂತೆ. "ನಾಳೆ ಬೆಳಿಗ್ಗೆ ಪ್ರೊಫೆಸರು ತಪ್ಪದೆ ಬರ್ತಾರೆ," ಎಂದು ಕಣ್ಣು ಮಿಟುಕಿಸಿದರು. "ಬಸ್ ಸ್ಟ್ಯಾಂಡಿಗೆ ಬನ್ನಿ."

ಪರಮಶಿವಪ್ಪ ಬೆಳಿಗ್ಗೆ ಅರ್ಧ ಗಂಟೆ ಮುಂಚೆಯೇ ಹೋಗಿ ನಿಂತ. ಬಸ್ಸು ಬಂತು. ಇಳಿದದ್ದು ಬೇರೆಯೇ ವ್ಯಕ್ತಿ. ತೆಳ್ಳಗೆ, ಬೆಳ್ಳಗೆ, ಸೂಟು ತೊಟ್ಟವರು.

"ಶಿಬಿರದವರೇನ್ರೀ? ನಾನು ಸದಾಶಿವಪ್ಪ. ನಿನ್ನೆ ಬಸ್ಸು ತಪ್ಪಿಬಿಡ್ತು ನೋಡ್ರಿ. ಪುಣ್ಯಕ್ಕೆ ತಂತಿ ಆಫೀಸು ಎದುರಿಗೇ ಇತ್ತು."

ಪರಮಶಿವಪ್ಪ ನಕ್ಕ. ಎರಡನೆಯ ಪರೀಕ್ಷೆ! "ಬಿಡ್ರಿ ಸಾರ್, ಎಲ್ಲಾ ಗೊತ್ತಾಗೈತಿ. ನಿಮ್ಮನ್ನ ಯಾರು ಕಳಿಸಿದ್ದು ಅಂತಾನೂ ಗೊತ್ತು. ನಾನು ಅಷ್ಟು ಸುಲಭಕ್ಕೆ ಮೋಸ ಹೋಗೋನಲ್ಲ."

ಬಸ್ಸಿನ ಮೇಲೆ ಹತ್ತಿ ಸೂಟಿನವರ ಪುಸ್ತಕದ ಟ್ರಂಕು ಇಳಿಸುತ್ತಿದ್ದ ಕಂಡಕ್ಟರ್ ಗುಡ್ಡಪ್ಪ ಅಲ್ಲಿಂದಲೇ ಬಗ್ಗಿ ಪರಮಶಿವಪ್ಪನನ್ನು ಗುರುತು ಹಿಡಿದ.

"ಏನ್ರೀ, ನಿನ್ನೆ ನಮ್ಮ ಸೊರಬದ ತಾಲ್ಲೂಕು ಕಚೇರಿ ಮುಂದೆ ಕ್ರಯಪತ್ರ ಬರಕೊಡೋ ತೋಟಪ್ಪನೋರನ್ನ ಅಷ್ಟು ಮರ್ಯಾದೆಯಿಂದ ಕರಕೊಂಡು ಹೋದ್ರಲ್ಲ, ಏನು ಬರೆಸಿಕೊಂಡ್ರಿ?"