ಕೊನೆಗೆ ನಿಂತ ಬಿಳಿ ಶೂ

"ಐದು ನಿಮಿಷ ಅಂತ ಬರ್ಕೊಂಡಿದ್ದೇನೆ ಮಾರಾಯ್ರೆ, ಹನ್ನೆರಡು ಆಯ್ತು! ನಿಲ್ಸಿ ಅವರನ್ನ!"

ರಂಗದ ಪಕ್ಕದಲ್ಲಿ ನಿಂತ ನೀರಜಾಕ್ಷಿ ಕಾರ್ಯಕ್ರಮದ ಪಟ್ಟಿಯಿಂದ ಗಾಳಿ ಹಾಕಿಕೊಳ್ಳುತ್ತ ಹಲ್ಲು ಕಚ್ಚಿದಳು. ಬಹರೈನ್‌ನಲ್ಲಿರುವ ಕರಾವಳಿಯವರ ಕೂಟಕ್ಕೆ ಆಕೆ ಸಾಂಸ್ಕೃತಿಕ ಕಾರ್ಯದರ್ಶಿ. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿ ಮೂರನೇ ಸಲ ಗಡಿಯಾರ ನೋಡಿಕೊಂಡರು. ಅವರ ಭಾಷಣ ಆಗಬೇಕು, ಹನ್ನೊಂದು ಪ್ರಾಯೋಜಕರಿಗೆ ಶಾಲು ಹೊದಿಸಬೇಕು, ಅಷ್ಟರಲ್ಲಿ ಬಣ್ಣ ಹಚ್ಚಿಕೊಂಡ ಮಕ್ಕಳು ಅಳಲು ಶುರು ಮಾಡದಿದ್ದರೆ ಸಾಕು.

"ಹೇಗೆ ನಿಲ್ಸುದು ಅಕ್ಕ?" ಎಂದ ನಿರೂಪಕ ಜೆರಿ. "ಎಷ್ಟು ಕೈ ಮಾಡಿದ್ರೂ ಅವ ತಲೆಯೇ ಎತ್ತುದಿಲ್ಲ."

ಅವನೆಂದರೆ ಮನೋಲಿಸ್. ಗ್ರೀಸಿನ ಒಂದು ಪುಟ್ಟ ದ್ವೀಪದವನು, ಸಲ್ಮಾನಿಯಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ರಂಗದ ನಡುವೆ ಸ್ಟೂಲಿನ ಮೇಲೆ ಕುಳಿತು, ಮೂರು ತಂತಿಯ ಲೀರಾವನ್ನು ತೊಡೆಯ ಮೇಲೆ ನಿಲ್ಲಿಸಿ ಕಮಾನು ಎಳೆಯುತ್ತಿದ್ದ. ಅವನ ಸುತ್ತ ಕೈಗೆ ಕೈ ಸೇರಿಸಿದ, ಅದೇ ಆಸ್ಪತ್ರೆಯ ಎಂಟು ನರ್ಸ್‌ಗಳ ಸಾಲು. ಮುಂದಿರುವವಳು ಕರವಸ್ತ್ರ ಬೀಸುತ್ತ ಮನಸ್ಸಿಗೆ ಬಂದ ಹಾಗೆ ಕುಣಿಯುವುದು, ಉಳಿದವರು ಹಿಂದೆ ಹೆಜ್ಜೆ ಹಾಕುವುದು, ಅವನು ಆಕೆಯ ಕಾಲನ್ನೇ ನೋಡಿ ಬಾರಿಸುವುದು. ದಣಿದಾಗ ಕರವಸ್ತ್ರವನ್ನು ಪಕ್ಕದವಳಿಗೆ ಕೊಟ್ಟು ಸಾಲಿನ ಕೊನೆಗೆ ಹೋಗುವುದು. ಎಂಟೂ ಜನ ಮುಂದೆ ಬಂದು ಹೋಗುವ ತನಕ ಬಾರಿಸುವವನು ನಿಲ್ಲಿಸುವಂತಿಲ್ಲ. "ನಡುವೆ ನಿಲ್ಲಿಸಿದರೆ, ಉಳಿದವರನ್ನು ಅಂಗಳದಿಂದ ಹೊರಗೆ ಹಾಕಿದ ಹಾಗೆ" ಎಂದು ರಿಹರ್ಸಲ್‌ನಲ್ಲೇ ಹೇಳಿದ್ದನಂತೆ. ಅದನ್ನೆಲ್ಲ ಕೇಳುವ ಪುರುಸೊತ್ತು ನೀರಜಾಕ್ಷಿಗೆ ಎಲ್ಲಿತ್ತು? ಎಷ್ಟು ಐಟಂ ಎಂದು ಕೇಳಿದ್ದಳು, ಒಂದೇ ಎಂದಿದ್ದ. ಒಂದು ಐಟಂ ಅಂದರೆ ಐದು ನಿಮಿಷ. ಕೂಟ ಹುಟ್ಟಿದಾಗಿನಿಂದ ಲೆಕ್ಕ ಅದೇ.

"ಇನ್ನೆಷ್ಟು ಜನ ಉಂಟು?"

"ಮೂರು. ಲಾಸ್ಟಿಗೆ ಫಿಲೊಮಿನಾಬಾಯಿ."

ಫಿಲೊಮಿನಾ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಬರುವ ಶುಕ್ರವಾರ ಊರಿಗೆ ಹೊರಟವರು. ಇನ್ನು ತಿರುಗಿ ಬರುವುದಿಲ್ಲ. ಕೂಟದ ಪ್ರತಿ ಕಾರ್ಯಕ್ರಮದಲ್ಲೂ ಪರದೆಯ ಹಿಂದೆ ನಿಂತು ಕಂಡವರ ಸೀರೆಗೆಲ್ಲ ಪಿನ್ನು ಚುಚ್ಚಿದ್ದರೇ ಹೊರತು ರಂಗ ಹತ್ತಿದವರಲ್ಲ. "ಒಮ್ಮೆ ಮುಂದೆ ನಿಂತು ಕುಣಿದು ಹೋಗ್ತೇನೆ ನೀರಜಾ" ಎಂದು ಆಸೆಯಿಂದ ಸೇರಿದ್ದರು. ಇವತ್ತು ಡ್ಯೂಟಿ ಮುಗಿಸಿ ಓಡೋಡಿ ಬಂದು ಉಡುಪು ಬದಲಿಸಿದರೂ ಕಾಲಲ್ಲಿ ಡ್ಯೂಟಿಯ ಬಿಳಿ ಶೂ ಹಾಗೇ ಇತ್ತು. ಉಳಿದ ಏಳು ಜನಕ್ಕೆ ಕೆಂಪು ಚಪ್ಪಲಿ. ಅದನ್ನು ಕಂಡ ನೀರಜಾಕ್ಷಿಯೇ ಅವರನ್ನು ಹಿಂದೆ ಕಳಿಸಿದ್ದಳು. "ನೀವು ಕೊನೆಗೆ ನಿಲ್ಲಿ ಬಾಯಿ, ಕಾಲು ಯಾರಿಗೂ ಕಾಣುದಿಲ್ಲ."

ಹದಿನೇಳನೇ ನಿಮಿಷಕ್ಕೆ ಮುಖ್ಯ ಅತಿಥಿ ಎದ್ದು ನಿಂತರು.

"ಪರದೆ ಬಿಡಿ ಜೆರಿ!"

"ಅಕ್ಕ, ಬಾಯಿಯದ್ದು ಬಾಕಿ ಉಂಟಲ್ಲ..."

"ನಂಗೆ ಗೊತ್ತುಂಟು! ಅವರಿಗೆ ನಾನು ಮತ್ತೆ ಸಾರಿ ಹೇಳ್ತೇನೆ. ಬಿಡಿ ಅಂದ್ರೆ ಬಿಡಿ."

ಜೆರಿ ಹಗ್ಗ ಬಿಟ್ಟ. ಪರದೆ ಇಳಿದು, ನೆಲಕ್ಕೆ ಒಂದು ಗೇಣು ಇರುವಾಗ ನಿಂತಿತು. ಹೋದ ವರ್ಷ ತೊಳೆಯಲು ಕೊಟ್ಟಾಗ ಕುಗ್ಗಿದ ಪರದೆ. ಬದಲಿಸುವ ಮಾತು ನಾಲ್ಕು ಸಭೆಗಳಲ್ಲಿ ಬಂದು, ನಾಲ್ಕರಲ್ಲೂ ಚಹಾ ಬಂದೊಡನೆ ಮರೆತುಹೋಗಿತ್ತು.

ಮುಖ್ಯ ಅತಿಥಿ ಮೈಕಿನ ಮುಂದೆ ಗಂಟಲು ಸರಿಪಡಿಸಿಕೊಂಡು "ಬಂಧುಗಳೇ" ಎಂದರು. ಬಂಧುಗಳು ಕೇಳಲಿಲ್ಲ. ಪರದೆಯ ಹಿಂದೆ ಲೀರಾ ನಿಂತಿರಲಿಲ್ಲ, ಕಾಲುಗಳೂ ನಿಂತಿರಲಿಲ್ಲ. ಆ ಒಂದು ಗೇಣಿನಲ್ಲಿ ಕೆಂಪು ಚಪ್ಪಲಿಗಳ ಸಾಲು ಹಾದುಹೋಯಿತು. ಒಂದು ಜೊತೆ ಸಾಲು ಬಿಟ್ಟು ಹಿಂದಕ್ಕೆ ಓಡಿತು. ಈಗ ಎಲ್ಲರಿಗಿಂತ ಮುಂದೆ ಬಿಳಿ ಶೂ. ಮೊದಲು ಅಳುಕುತ್ತ ಎರಡು ಹೆಜ್ಜೆ. ಆಮೇಲೊಂದು ಜಿಗಿತ. ಲೀರಾ ಕೂಡ ಅದರೊಂದಿಗೆ ಜಿಗಿಯಿತು. ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು. ಮುಖ್ಯ ಅತಿಥಿ ಭಾಷಣ ಬಿಟ್ಟು, ತಿರುಗಿ, ಬಗ್ಗಿ ನೋಡತೊಡಗಿದರು.

ನೀರಜಾಕ್ಷಿಗೆ ಸಿಟ್ಟು ನೆತ್ತಿಗೇರಿತು. ಮನೋಲಿಸನ ಮೇಲೆ, ಪರದೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ನಾಲಿಗೆಯ ಮೇಲೆ. ಯಾರಿಗೂ ಕಾಣುವುದಿಲ್ಲ ಎಂದ ಆ ಕಾಲು ಮಾತ್ರವೇ ಈಗ ಇಡೀ ಸಭೆಗೆ ಕಾಣುತ್ತಿತ್ತು.

"ಎಂತ ನೋಡ್ತಾ ನಿಂತದ್ದು ಜೆರಿ?" ಪಟ್ಟಿಯನ್ನು ಮುದುಡಿ ಎಸೆದು ಹಗ್ಗಕ್ಕೆ ತಾನೇ ಕೈ ಹಾಕಿದಳು. "ಎಳೀರಿ ಮಾರಾಯ್ರೆ! ಇಪ್ಪತ್ತಾರು ವರ್ಷ ಆಯ್ತು, ಮುಖ ಒಮ್ಮೆಯಾದ್ರೂ ನೋಡಿ ಕಳಿಸುವ!"