ಕಾಲು ಗಂಟೆ

ಒಂದು ಕಾಲಕ್ಕೆ ಹಗುರವೆಂದು ಹೆಸರು ಮಾಡಿದ್ದ ಆ ಹಳೇ ಲ್ಯಾಪ್‌ಟಾಪಿಗೆ ರಿಪೇರಿಯವನು ಹೊಸ ಡಿಸ್ಕ್, ಹೊಸ ಬ್ಯಾಟರಿ ಹಾಕಿ ಮರುಜನ್ಮ ಕೊಟ್ಟಿದ್ದ. ಹೆಂಡತಿ ದಿನವೂ ಬಳಸುತ್ತಿದ್ದ ಅದನ್ನು ಅವಳಿಗೇ ಉಡುಗೊರೆಯೆಂದು ಗಂಡ ಖುಷಿಯಿಂದ ಒಯ್ದಿದ್ದ. ಮಾರನೆಯ ದಿನವೇ ಹೆಂಡತಿ ಅದನ್ನು ಎದೆಗವಚಿಕೊಂಡು ಅಂಗಡಿಗೆ ಓಡಿಬಂದಳು. ಕಣ್ಣು ಕೆಂಪಗಿತ್ತು.

“ಹಳೇ ಡಿಸ್ಕ್ ಎಸೆದುಬಿಟ್ರಾ?”

“ಇಲ್ಲ ಮೇಡಂ, ಇಲ್ಲೇ ಇದೆ. ಅದರಲ್ಲಿದ್ದದ್ದೆಲ್ಲ ಹೊಸದಕ್ಕೆ ಹಾಕಿದೀನಲ್ಲ. ಏನಾದ್ರೂ ಹೋಯ್ತಾ?”

“ಏನೂ ಹೋಗಿಲ್ಲ. ಹಳೇದನ್ನೇ ವಾಪಸ್ ಹಾಕ್ಕೊಡಿ, ಕೈ ಮುಗೀತೀನಿ.”

ಅವನಿಗೆ ತನ್ನ ಕೈಗುಣದ ಮೇಲೇ ಅನುಮಾನ ಬಂತು.

“ಅದು ಆನ್ ಆಗೋಕೆ ಕಾಲು ಗಂಟೆ ತಗೋತಿತ್ತು ಮೇಡಂ. ಈಗ ಬಟನ್ ಒತ್ತಿ ಕಣ್ಣು ಮಿಟುಕಿಸೋದ್ರೊಳಗೆ ರೆಡಿ.”

“ಅದೇ ನನ್ನ ಕರ್ಮ,” ಎನ್ನುತ್ತ ಆಕೆ ಸ್ಟೂಲಿನ ಮೇಲೆ ಕುಸಿದಳು. “ನಾನು ಕೆಲಸ ಮಾಡೋದು ಮನೆಯಿಂದಾನೇ. ಇದರ ಮುಂದೆ ಕೂತ್ರೆ ಆಫೀಸು ಶುರುವಾಯ್ತು ಅಂತ ಮನೇಲಿ ಯಾರೂ ಕರೀತಿರಲಿಲ್ಲ. ಇದು ಆನ್ ಆಗೋವರೆಗೆ ಆಫೀಸಿನವರೂ ಕರೀತಿರಲಿಲ್ಲ.”